ತೋಟದ ಕೆರೆಯ ಏರಿ ಮತ್ತು ಕೋಡಿ: ಮಳೆಗಾಲಕ್ಕೆ ಮುನ್ನ ಮಾಡಬೇಕಾದ ಲೆಕ್ಕ



ಹೂಮಳೆಯನ್ನೇ ನಂಬಿ ಕಾಫಿ ಬೆಳೆಯುವ ಕಾಲ ನಮ್ಮಲ್ಲಿ ಬಹುಮಟ್ಟಿಗೆ ಹಿಂದೆ ಸರಿದಿದೆ. ಫೆಬ್ರವರಿ ಮಾರ್ಚ್ ತಿಂಗಳಲ್ಲಿ ರೋಬಸ್ಟಾಕ್ಕೆ ಹೂವಿನ ನೀರು ಕೊಡಬೇಕು, ಬೇಸಿಗೆಯಲ್ಲಿ ಅಡಿಕೆ ಒಣಗದಂತೆ ನೋಡಿಕೊಳ್ಳಬೇಕು. ಇದಕ್ಕಾಗಿ ನಮ್ಮ ಸದಸ್ಯರಲ್ಲಿ ಅನೇಕರು ಕಣಿವೆಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕೆರೆ ಮಾಡಿಕೊಂಡಿದ್ದಾರೆ. ಹಿಂದೆ ಎರಡು ಮೂರು ಬೇಸಿಗೆ ಹಿಡಿಯುತ್ತಿದ್ದ ಈ ಕೆಲಸವನ್ನು ಈಗ ಜೆಸಿಬಿ ಎಂಟು ಹತ್ತು ದಿನಗಳಲ್ಲಿ ಮುಗಿಸಿಕೊಡುತ್ತದೆ. ಕೆಲಸ ಬೇಗ ಆಯಿತೆಂಬುದು ಸಂತೋಷದ ವಿಷಯವೇ. ಆದರೆ ಆ ಬೇಗದಲ್ಲಿ ಒಂದು ಲೆಕ್ಕ ಬಿಟ್ಟುಹೋಗುತ್ತಿದೆ. ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ದೊಡ್ಡ ಮಳೆ ಬಂದಾಗ ಎಷ್ಟು ನೀರು ಹೊರಗೆ ಹೋಗಬಲ್ಲುದು ಎಂದು ಕೇಳುವವರು ಕಡಮೆ.

ನಮ್ಮ ಸೀಮೆಯಲ್ಲಿ ಕಾಫಿ ಇಳಿಜಾರಿನಲ್ಲಿ, ಅಡಿಕೆ ಕಣಿವೆಯ ತಳದಲ್ಲಿ. ಆದ್ದರಿಂದ ಮೇಲಿನವರ ಕೆರೆಯ ಕೆಳಗೆ ಇನ್ನೊಬ್ಬರ ಅಡಿಕೆ ತೋಟ ಇದ್ದೇ ಇರುತ್ತದೆ. ಹಲವು ಕಡೆ ಆಳುಗಳ ಲೈನ್ ಮನೆಗಳೂ ಅಲ್ಲೇ ಹಳ್ಳದ ಬದಿಯಲ್ಲಿ ಇರುತ್ತವೆ. ಏರಿ ಒಡೆದರೆ ನೀರು ಬಂದು ಹೋಗುವುದಷ್ಟೇ ಅಲ್ಲ. ಏರಿಯ ಮಣ್ಣೆಲ್ಲ ತೋಟದ ಮೇಲೆ ಹರಡುತ್ತದೆ. ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಲೈನ್ ಮನೆಯಲ್ಲಿ ಮಲಗಿದವರ ವಿಷಯದಲ್ಲಿ ವರ್ಷಗಳ ಲೆಕ್ಕವೂ ಉಳಿಯುವುದಿಲ್ಲ. ಆದಕಾರಣ ಈ ಪಾಠದಲ್ಲಿ, ಎಂಜಿನಿಯರರು ದೊಡ್ಡ ಅಣೆಕಟ್ಟಿಗೆ ಮಾಡುವ ಪರೀಕ್ಷೆಯನ್ನೇ ನಮ್ಮ ಸಣ್ಣ ಕೆರೆಗೆ ಅಳವಡಿಸಿ, ನಾವೇ ಮಾಡಿಕೊಳ್ಳಬಹುದಾದ ಕ್ರಮವನ್ನು ವಿವರಿಸುತ್ತೇವೆ. ಬೇಕಾದ ಸಾಮಾನುಗಳು ಇಷ್ಟೇ: ಅಳತೆಯ ಟೇಪು, ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪು, ಮಳೆಮಾಪಕ, ಒಂದು ನೋಟ್ ಪುಸ್ತಕ.

ಏರಿ ಒಡೆಯುವ ಮೂರು ದಾರಿ

ಮಣ್ಣಿನ ಏರಿ ಸಾಮಾನ್ಯವಾಗಿ ಮೂರು ರೀತಿಯಲ್ಲಿ ಹಾಳಾಗುತ್ತದೆ.

ಮೊದಲನೆಯದು, ನೀರು ಏರಿಯ ತಲೆಯ ಮೇಲೆ ಹರಿಯುವುದು. ಕಲ್ಲಿನ ಕಟ್ಟೆಯ ಮೇಲೆ ನೀರು ಹರಿದರೆ ಅದು ಸ್ವಲ್ಪ ಹೊತ್ತು ತಡೆದೀತು. ಮಣ್ಣಿನ ಏರಿ ತಡೆಯದು. ಹೊರಮೈಯ ಮಣ್ಣು ಕೊಚ್ಚಿಕೊಂಡು ಬುಡದಿಂದ ಮೇಲಕ್ಕೆ ಕೊರಕಲು ಬೀಳುತ್ತದೆ. ಕೊರಕಲು ನೀರಿನ ಕಡೆಗೆ ತಲಪಿದ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಎರಡನೆಯದು, ಏರಿಯ ಒಳಗಿನಿಂದ ನೀರು ದಾರಿ ಮಾಡಿಕೊಳ್ಳುವುದು. ಏಡಿ, ಹೆಗ್ಗಣಗಳ ಬಿಲ, ಕೊಳೆತ ಬೇರಿನ ಜಾಡು, ಸರಿಯಾಗಿ ದಮ್ಮಸು ಮಾಡದ ಪೈಪಿನ ಪಕ್ಕ, ಹೀಗೆ ಯಾವುದಾದರೊಂದು ಸಂದಿನಲ್ಲಿ ನೀರು ನುಗ್ಗಿ ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊತ್ತು ತರುತ್ತದೆ. ಒಳಗೆ ಒಂದು ಕೊಳವೆಯೇ ಹುಟ್ಟುತ್ತದೆ.

ಮೂರನೆಯದು, ಏರಿಯ ಮೈ ಜಾರುವುದು. ಇಳಿಜಾರು ತೀರ ಕಡಿದಾಗಿದ್ದರೆ, ಮಣ್ಣು ನೀರು ಕುಡಿದು ಭಾರವಾದಾಗ ಒಂದು ಪಾಲು ಕಳಚಿ ಕೂರುತ್ತದೆ.

ದೊಡ್ಡ ಅಣೆಕಟ್ಟುಗಳು ಕಲಿಸಿದ್ದು

ಗುಜರಾತಿನ ಸೌರಾಷ್ಟ್ರದಲ್ಲಿ ಮಚ್ಚು ನದಿಗೆ ಕಟ್ಟಿದ ಎರಡನೆಯ ಅಣೆಕಟ್ಟಿನ ಕಥೆಯನ್ನು ಪ್ರತಿಯೊಬ್ಬ ಕೆರೆ ಮಾಲೀಕನೂ ತಿಳಿದಿರಬೇಕು. ನಡುವೆ ಬಾಗಿಲುಗಳಿದ್ದ ಕಲ್ಲಿನ ಕೋಡಿ, ಎರಡೂ ಪಕ್ಕದಲ್ಲಿ ಉದ್ದನೆಯ ಮಣ್ಣಿನ ಏರಿ. ಕೋಡಿಯನ್ನು ಸುಮಾರು 2 ಲಕ್ಷ ಕ್ಯೂಸೆಕ್ ನೀರು ಹೊರಹಾಕುವಂತೆ ರಚಿಸಿದ್ದರು. 1979ರ ಆಗಸ್ಟ್ 11ರಂದು ಬಂದ ನೆರೆ ಅದರ ಎರಡು ಪಟ್ಟಿಗೂ ಮೀರಿತ್ತು. ನೀರು ಮಣ್ಣಿನ ಏರಿಗಳ ತಲೆಯ ಮೇಲೆ ಹರಿಯಿತು. ಎರಡೂ ಪಕ್ಕ ಕೊಚ್ಚಿಹೋದವು. ಕೆಳಗಿದ್ದ ಮೋರ್ವಿ ಪಟ್ಟಣ ಮುಳುಗಿ ಸಾವಿರಾರು ಜನ ಸತ್ತರು. ನಡುವಿನ ಕಲ್ಲಿನ ಕಟ್ಟಡ ಮಾತ್ರ ನಿಂತಿತ್ತು. ಅಲ್ಲಿ ಸೋತದ್ದು ಕೋಡಿಯ ಅಗಲದ ಲೆಕ್ಕ. ಮರಳಿ ಕಟ್ಟುವಾಗ ಕೋಡಿಯ ಶಕ್ತಿಯನ್ನು ಸುಮಾರು ನಾಲ್ಕು ಪಟ್ಟಿಗೆ ಏರಿಸಲಾಯಿತು.

ಇನ್ನೊಂದು ಉದಾಹರಣೆ ನಮ್ಮಂತೆಯೇ ಪಶ್ಚಿಮ ಘಟ್ಟದ ಮಳೆ ಕಾಣುವ ಸೀಮೆಯದು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿನ ಸಣ್ಣ ಮಣ್ಣಿನ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತರ ಸುಮಾರು ಜನ ಸತ್ತರು. ಏರಿ ಸೋರುತ್ತಿದೆಯೆಂದು ಊರವರು ಮೊದಲೇ ದೂರಿದ್ದರೆಂದು ಪತ್ರಿಕೆಗಳು ಬರೆದವು. ಏಡಿಗಳೇ ಏರಿಯನ್ನು ಕೊರೆದವೆಂದು ಅಲ್ಲಿನ ಸಚಿವರೊಬ್ಬರು ಹೇಳಿದಾಗ ದೇಶವೆಲ್ಲ ನಕ್ಕಿತು. ಏಡಿ ಬಿಲ ತೋಡುವುದು ನಿಜವೇ. ಆದರೆ ಬಿಲವನ್ನು ಕಂಡು ಮುಚ್ಚುವ ಕೆಲಸ ಏಡಿಯದಲ್ಲವಲ್ಲ!

ಮೂರನೆಯದು ನಮ್ಮದೇ ತುಂಗಭದ್ರೆ. 1953ರಲ್ಲಿ ಮುಗಿದ ಈ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಟ್ಟೆಗೆ ಅಪಾಯವಾಗಲಿಲ್ಲ, ತಾತ್ಕಾಲಿಕ ತಡೆ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆದರೆ ಅಷ್ಟರಲ್ಲಿ ರೈತರ ಬೆಳೆಗೆ ಬೇಕಾಗಿದ್ದ ನೀರು ನದಿ ಪಾಲಾಯಿತು. ಚಲಿಸುವ ಭಾಗ ಯಾವುದಿದ್ದರೂ ಅದು ಒಂದು ದಿನ ಕೈಕೊಡುತ್ತದೆ ಎಂದು ಎಣಿಸಿಯೇ ಕೆರೆಯನ್ನು ಕಟ್ಟಬೇಕು. ಸಣ್ಣ ಕೆರೆಗೆ ಬಾಗಿಲಿಲ್ಲದ, ತಾನಾಗಿಯೇ ಹರಿಯುವ ಅಗಲವಾದ ಕೋಡಿಯೇ ಲೇಸು.

ಮೊದಲ ಲೆಕ್ಕ: ಎಷ್ಟು ನೀರು ಬರಬಹುದು?

ಕೆರೆಗೆ ನೀರು ಕೊಡುವ ಪ್ರದೇಶ ಎಷ್ಟು ಎಕರೆ ಎಂದು ಮೊದಲು ಕಂಡುಕೊಳ್ಳಬೇಕು. ಕೆರೆಯ ಎರಡೂ ಪಕ್ಕದ ದಿಬ್ಬದ ನೆತ್ತಿ ಹಿಡಿದು ನಡೆಯಿರಿ; ಮಳೆನೀರು ಅತ್ತ ಹೋಗುವುದೋ ಇತ್ತ ಬರುವುದೋ ಎಂಬ ಗಡಿಯೇ ಈ ಪ್ರದೇಶದ ಎಲ್ಲೆ. ಗ್ರಾಮ ನಕ್ಷೆಯಲ್ಲಾಗಲಿ, ಈಗ ಮೊಬೈಲ್ ಫೋನಿನ ನಕ್ಷೆಯಲ್ಲಾಗಲಿ ಇದನ್ನು ಗುರುತಿಸಿ ವಿಸ್ತೀರ್ಣ ತೆಗೆಯಬಹುದು. ಸರ್ವೆ ಇಲಾಖೆಯ 1:50,000 ಪ್ರಮಾಣದ ಭೂಪಟದಲ್ಲಿ ಒಂದು ಚದರ ಸೆಂಟಿಮೀಟರೆಂದರೆ ನೆಲದ ಮೇಲೆ 25 ಹೆಕ್ಟೇರು, ಅಂದರೆ ಸುಮಾರು 62 ಎಕರೆ. ರಸ್ತೆಯ ಚರಂಡಿ ಬೇರೆ ಕಣಿವೆಯ ನೀರನ್ನು ನಮ್ಮ ಕಡೆಗೆ ತಿರುಗಿಸಿದೆಯೇ ಎಂದು ತಪ್ಪದೆ ನೋಡಬೇಕು. ಅಂಥ ಒಂದು ಚರಂಡಿಯಿಂದ ಲೆಕ್ಕವೆಲ್ಲ ತಲೆಕೆಳಗಾಗಬಹುದು.

ಇನ್ನು ಮಳೆ. ನಮ್ಮ ತೋಟಗಳಲ್ಲಿ ಇಂಚು ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಡುವ ಒಳ್ಳೆಯ ವಾಡಿಕೆ ಉಂಟು. ಆದರೆ ಆ ಪುಸ್ತಕ ಹೇಳುವುದು ದಿನದ ಮಳೆಯನ್ನು. ಸಣ್ಣ ಕಣಿವೆಯ ಕೆರೆಗೆ ದಿನದ ಮಳೆಗಿಂತ ಅರ್ಧ ಗಂಟೆಯ ಬಿರುಸು ಮುಖ್ಯ. ಇಪ್ಪತ್ತನಾಲ್ಕು ಗಂಟೆಯಲ್ಲಿ ನಿಧಾನವಾಗಿ ಬಿದ್ದ ಎಂಟು ಇಂಚಿಗಿಂತ ಒಂದು ಗಂಟೆಯಲ್ಲಿ ಸುರಿದ ನಾಲ್ಕು ಇಂಚು ಏರಿಗೆ ಅಪಾಯಕಾರಿ. ಗಂಟೆಗೆ 10 ಸೆಂಟಿಮೀಟರ್, ಅಂದರೆ ಸುಮಾರು 4 ಇಂಚು ಮಳೆ ಬಿದ್ದರೆ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟವೆಂದು ಕರೆಯುತ್ತದೆ. ನಮ್ಮ ಲೆಕ್ಕಕ್ಕೆ ಇದನ್ನೇ ಕನಿಷ್ಠವಾಗಿ ಹಿಡಿಯೋಣ.

ಈಗ ನೆನಪಿಡಲು ಬಹು ಸುಲಭವಾದ ಒಂದು ಸೂತ್ರ: ಒಂದು ಎಕರೆಯ ಮೇಲೆ ಗಂಟೆಗೆ ಒಂದು ಇಂಚಿನಂತೆ ಬೀಳುವ ಮಳೆ ಪೂರ್ತಿ ಹರಿದುಬಂದರೆ ಅದು ಒಂದು ಕ್ಯೂಸೆಕ್. ಅಂದರೆ ಸೆಕೆಂಡಿಗೆ ಒಂದು ಘನ ಅಡಿ.

ಪೂರ್ತಿ ಮಳೆ ಹರಿದುಬರುವುದಿಲ್ಲ. ಏಪ್ರಿಲ್‌ನಲ್ಲಿ ಮರದ ನೆರಳು, ತರಗೆಲೆಯ ಹಾಸು, ಒಣಗಿದ ಮಣ್ಣು ಸೇರಿ ಹೆಚ್ಚಿನ ಪಾಲನ್ನು ಹೀರುತ್ತವೆ. ಆದರೆ ಜುಲೈ ಕೊನೆಗೆ ಮಣ್ಣು ಕುಡಿಯುವಷ್ಟು ಕುಡಿದು ಮುಗಿದಿರುತ್ತದೆ. ಆಗ ಹತ್ತರಲ್ಲಿ ಆರು ಪಾಲಾದರೂ ಹರಿದುಬರುತ್ತದೆಂದು ಹಿಡಿಯಬೇಕು. ಮರ ಕಡಿದು ಹೊಸದಾಗಿ ಗಿಡ ನೆಟ್ಟ ಜಾಗ, ಕಣ, ರಸ್ತೆ, ಚಾವಣಿಗಳಿದ್ದರೆ ಎಂಟು ಪಾಲು.

ಉದಾಹರಣೆ: ಕೆರೆಗೆ ನೀರು ಕೊಡುವ ಪ್ರದೇಶ 50 ಎಕರೆ. ಮಳೆ ಗಂಟೆಗೆ 4 ಇಂಚು. ಹರಿದುಬರುವುದು ಹತ್ತರಲ್ಲಿ ಆರು ಪಾಲು.

50 × 4 × 0.6 = 120 ಕ್ಯೂಸೆಕ್.

ಕಡಿದಾದ ಕಣಿವೆಯಲ್ಲಿ ಹತ್ತು ಹದಿನೈದು ನಿಮಿಷದ ಬಿರುಸು ಇದಕ್ಕೂ ಮಿಗಿಲಾಗಬಹುದು. ಆದ್ದರಿಂದ 6 ಇಂಚು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ ನೋಡುವುದು ವಿವೇಕ: ಆಗ 180 ಕ್ಯೂಸೆಕ್. ಕೆಳಗೆ ಮನೆಗಳಿದ್ದರೆ ಈ ಎರಡನೆಯ ಅಂಕಿಯನ್ನೇ ಹಿಡಿಯಿರಿ.

ಇದು ಎಷ್ಟು ನೀರು ಎಂದು ಮನಸ್ಸಿಗೆ ತಂದುಕೊಳ್ಳೋಣ. ನೀರಿನ ಹರವು ಒಂದು ಎಕರೆ ಇರುವ ಕೆರೆ ತುಂಬಿ ನಿಂತಿದೆ ಎನ್ನಿ. ಒಂದು ಎಕರೆಯಲ್ಲಿ ಒಂದು ಅಡಿ ನೀರೆಂದರೆ 43,560 ಘನ ಅಡಿ. 120 ಕ್ಯೂಸೆಕ್ ನೀರು ಬರುತ್ತಿದ್ದು ಹೊರಗೆ ದಾರಿ ಇಲ್ಲದಿದ್ದರೆ ಕೆರೆ ಒಂದು ಅಡಿ ಏರಲು ಬೇಕಾಗುವುದು ಬರೀ ಆರು ನಿಮಿಷ. ರಾತ್ರಿ ಮನೆಯಿಂದ ಎದ್ದು ಟಾರ್ಚು ಹಿಡಿದು ಏರಿಗೆ ತಲಪುವಷ್ಟರಲ್ಲಿ ಆಗಬೇಕಾದದ್ದು ಆಗಿ ಹೋಗಿರುತ್ತದೆ. ಆದಕಾರಣ ಕೋಡಿ ಮನುಷ್ಯನ ಕೈಯನ್ನು ಕಾಯಬಾರದು.

ಎರಡನೆಯ ಲೆಕ್ಕ: ಕೋಡಿ ಎಷ್ಟು ಹೊರಹಾಕಬಲ್ಲುದು?

ಕೋಡಿಯಲ್ಲಿ ನೀರು ಹೊರಗೆ ದಾಟುವ ಮಟ್ಟವನ್ನು ನಾವು ಇಲ್ಲಿ ಹೊಸ್ತಿಲು ಎಂದು ಕರೆಯುತ್ತೇವೆ. ಹೊಸ್ತಿಲು ಸಮಮಟ್ಟವಾಗಿದ್ದು ಮುಂದೆ ಅಡ್ಡಿ ಇಲ್ಲದಿದ್ದರೆ, ಪ್ರತಿ ಅಡಿ ಅಗಲದಲ್ಲಿ ಸುಮಾರಾಗಿ ಹೊರಬೀಳುವ ನೀರು ಹೀಗೆ:

ಹರಿಯುವ ಆಳ 6 ಇಂಚು: 1 ಕ್ಯೂಸೆಕ್
ಹರಿಯುವ ಆಳ 9 ಇಂಚು: 2 ಕ್ಯೂಸೆಕ್
ಹರಿಯುವ ಆಳ 1 ಅಡಿ: 3 ಕ್ಯೂಸೆಕ್
ಹರಿಯುವ ಆಳ 1½ ಅಡಿ: 5½ ಕ್ಯೂಸೆಕ್
ಹರಿಯುವ ಆಳ 2 ಅಡಿ: 8½ ಕ್ಯೂಸೆಕ್

ಈ ಪಟ್ಟಿಯನ್ನು ಬರೆದು ಪಂಪ್‌ಹೌಸಿನ ಗೋಡೆಗೆ ಅಂಟಿಸಿಕೊಳ್ಳಿ. ಆಳ ಇಮ್ಮಡಿಯಾದರೆ ನೀರು ಸುಮಾರು ಮೂರು ಪಟ್ಟಾಗುತ್ತದೆ ಎಂಬುದನ್ನು ಗಮನಿಸಿ. ನಮ್ಮ 120 ಕ್ಯೂಸೆಕ್ ಹೊರಹಾಕಲು ಆಳ 1 ಅಡಿಯಾದರೆ 40 ಅಡಿ ಅಗಲ ಬೇಕು. 1½ ಅಡಿಯಾದರೆ 22 ಅಡಿ. 2 ಅಡಿಯಾದರೆ 14 ಅಡಿ. ನಮ್ಮ ಕೋಡಿಗಳಲ್ಲಿ ಎಷ್ಟು ಈ ಅಗಲ ಇವೆ?

ಇನ್ನೊಂದು ಅಳತೆ ಮುಖ್ಯ. ಕೋಡಿಯಲ್ಲಿ ನೀರು ಅತಿ ಹೆಚ್ಚು ಹರಿಯುವಾಗಲೂ ಅದರ ಮಟ್ಟದಿಂದ ಏರಿಯ ತಲೆ ಎರಡು ಅಡಿಯಾದರೂ ಮೇಲೆ ಇರಬೇಕು. ಅಲೆಗೆ, ಮಣ್ಣು ಕೂರುವುದಕ್ಕೆ, ನಮ್ಮ ಲೆಕ್ಕದ ತಪ್ಪಿಗೆ ಇದೇ ರಕ್ಷೆ. ಎಂಜಿನಿಯರರು ಇದನ್ನು ಫ್ರೀ ಬೋರ್ಡ್ ಎನ್ನುತ್ತಾರೆ. ಹೀಗಾಗಿ 1½ ಅಡಿ ಆಳ ಹರಿಸುವ ಕೋಡಿಯ ಹೊಸ್ತಿಲು ಏರಿಯ ತಲೆಗಿಂತ 3½ ಅಡಿ ಕೆಳಗಿರಬೇಕು.

ಏರಿಯ ತಲೆ ಎಂದರೆ ಅತಿ ತಗ್ಗಾದ ಜಾಗ. ಜೆಸಿಬಿ ರಾಶಿ ಸುರಿದ ಏರಿಯನ್ನು ಆರೇಳು ಇಂಚಿನ ಪದರವಾಗಿ ಹದವಾದ ತೇವದಲ್ಲಿ ದಮ್ಮಸು ಮಾಡದಿದ್ದರೆ ನಾಲ್ಕಾರು ಮಳೆಗಾಲದಲ್ಲಿ ನಡುಭಾಗ ಕೂರುತ್ತದೆ. ಮಣ್ಣು ಹೆಚ್ಚು ಎತ್ತರವಿರುವುದು ನಡುವೆಯೇ, ಕೂರುವುದೂ ಅಲ್ಲೇ, ನೀರು ತಲೆಯ ಮೇಲೆ ಹರಿಯಲು ಹುಡುಕುವ ಜಾಗವೂ ಅದೇ. ಕಣ್ಣಂದಾಜು ಸಾಲದು. ನೀರಿನ ಪೈಪು ಹಿಡಿದು ಹತ್ತು ಹತ್ತು ಅಡಿಗೆ ಮಟ್ಟ ತೆಗೆದು ಪುಸ್ತಕದಲ್ಲಿ ಬರೆಯಬೇಕು.

ಕೊರತೆ ಕಂಡರೆ ಏನು ಮಾಡಬೇಕು?

ಮೇಲಿನ 50 ಎಕರೆಯ ಕೆರೆಗೆ ಈಗ ಇರುವ ಕೋಡಿ 8 ಅಡಿ ಅಗಲ, ಹೊಸ್ತಿಲು ಏರಿಯ ತಗ್ಗಿನಿಂದ 2 ಅಡಿ ಕೆಳಗೆ ಎನ್ನಿ. ಒಂದೇ ಅಡಿ ರಕ್ಷೆ ಬಿಟ್ಟರೂ ಹರಿಯಬಹುದಾದ ಆಳ 1 ಅಡಿ. 8 × 3 = 24 ಕ್ಯೂಸೆಕ್. ಬೇಕಾದದ್ದು 120. ಐದರಲ್ಲಿ ಒಂದು ಪಾಲು ಮಾತ್ರ.

ಹೊಸ್ತಿಲನ್ನು 1½ ಅಡಿ ತಗ್ಗಿಸಿ ಕೋಡಿಯನ್ನು 22 ಅಡಿಗೆ ಹಿಗ್ಗಿಸುವುದು ಒಂದು ದಾರಿ. ಇದಕ್ಕೆ ಬೆಲೆ ತೆರಬೇಕು. ಎಕರೆ ಹರವಿನ ಕೆರೆಯಲ್ಲಿ 1½ ಅಡಿ ನೀರೆಂದರೆ 18 ಎಕರೆಗೆ ಒಂದೊಂದು ಇಂಚು ಹೂವಿನ ನೀರು. ಯಾವ ಬೆಳೆಗಾರನಿಗೂ ಇದು ಸಣ್ಣ ನಷ್ಟವಲ್ಲ. ನಾವು ಅದನ್ನು ಹಗುರವಾಗಿ ಹೇಳುತ್ತಿಲ್ಲ. ಕೋಡಿಗೆ ಜಾಗವಿದ್ದರೆ 40 ಅಡಿ ಅಗಲ ಮಾಡಿದಾಗ ಹೊಸ್ತಿಲನ್ನು ಒಂದೇ ಅಡಿ ತಗ್ಗಿಸಿದರೆ ಸಾಕು. ಏರಿಯನ್ನೇ ಹೊರಮೈಯಿಂದ ಅಗಲಿಸಿ, ಪದರ ಪದರವಾಗಿ ದಮ್ಮಸು ಮಾಡಿ ಎತ್ತರಿಸಿದರೆ ನೀರಿನ ನಷ್ಟವಿಲ್ಲ, ಖರ್ಚು ಹೆಚ್ಚು. ಎದುರು ದಡದ ಗಟ್ಟಿ ನೆಲದಲ್ಲಿ ಇನ್ನೊಂದು ಕೋಡಿ ಕೊಡಬಹುದು. ಕಳೆದುಕೊಂಡ ನೀರಿಗೆ ಬದಲಾಗಿ ಬೇಸಿಗೆಯಲ್ಲಿ ಹೂಳು ತೆಗೆಯಬಹುದು. ಏರಿಯ ಬುಡವನ್ನು ಮಾತ್ರ ಕೆರೆಯ ಒಳಗಿನಿಂದಲೂ ಮುಟ್ಟಕೂಡದು. ಯಾವ ದಾರಿ ಹಿಡಿದರೂ ಸರಿ. ಏನೂ ಮಾಡದೆ ಇರುವುದೊಂದು ಮಾತ್ರ ದಾರಿಯಲ್ಲ.

ಕೋಡಿ ಎಂದೂ ಏರಿಯ ಸುರಿದ ಮಣ್ಣಿನ ಮೇಲೆ ಇರಬಾರದು. ಪಕ್ಕದ ಮೂಲ ನೆಲದಲ್ಲಿ, ಸಾಧ್ಯವಾದರೆ ಬಂಡೆಯ ಮೇಲೆ ಇರಬೇಕು. ನಮ್ಮ ಹಿರಿಯರು ಕಟ್ಟಿದ ಊರ ಕೆರೆಗಳನ್ನು ನೋಡಿ. ಕೋಡಿ ಬಿದ್ದಾಗ ಬಾಗಿನ ಕೊಡಲು ಜನ ಸೇರುವ ಜಾಗ ಏರಿಯ ತುದಿಯ ಗಟ್ಟಿ ನೆಲವೇ ಆಗಿರುತ್ತದೆ. ಕೋಡಿಯಿಂದ ಹಳ್ಳದವರೆಗಿನ ದಾರಿಗೆ ಕಲ್ಲು ಹಾಸಬೇಕು, ಅಥವಾ ಲಾವಂಚ, ಗರಿಕೆ ಬೆಳೆಸಬೇಕು. ಕೋಡಿಯ ನೀರು ತಿರುಗಿ ಬಂದು ಏರಿಯ ಬುಡವನ್ನು ಕೊರೆಯಬಾರದು.

ನಾಲ್ಕು ಕೆಟ್ಟ ಅಭ್ಯಾಸಗಳು

ಒಂದು, ಕೋಡಿಯ ಬದಲು ಪೈಪು ಹಾಕುವುದು. ಒಂದು ಅಡಿ ವ್ಯಾಸದ ಹ್ಯೂಮ್ ಪೈಪು, ಮೂರು ಅಡಿ ನೀರಿನ ಒತ್ತಡವಿದ್ದರೂ ಹೊರಹಾಕುವುದು ಆರೇಳು ಕ್ಯೂಸೆಕ್. 120 ಕ್ಯೂಸೆಕ್‌ಗೆ ಇಂಥ ಹದಿನೆಂಟು ಪೈಪು ಬೇಕು. ಅದೂ ಸಿಲ್ವರ್ ಓಕ್ ಎಲೆ, ಒಣಗಿದ ರೆಂಬೆ ಬಂದು ಬಾಯಿ ಮುಚ್ಚದಿದ್ದರೆ ಮಾತ್ರ.

ಎರಡು, ಮಳೆಗಾಲದ ಕೊನೆಗೆ ನೀರು ಹೆಚ್ಚು ನಿಲ್ಲಲೆಂದು ಕೋಡಿಗೆ ಹಲಗೆ, ಮರಳಿನ ಚೀಲ ಇಡುವುದು. ಅಕ್ಟೋಬರಿನ ಗುಡುಗು ಮಳೆ ಬಿರುಸಿನಲ್ಲಿ ಜುಲೈಗೆ ಸೋಲುವುದಿಲ್ಲ. ಅಡಿ ಎತ್ತರ ಚೀಲ ಇಟ್ಟವರು ತಮ್ಮ ರಕ್ಷೆಯಲ್ಲೇ ಅಡಿ ಕಳೆದುಕೊಂಡಿರುತ್ತಾರೆ.

ಮೂರು, ಮೀನು ಹೋಗದಿರಲೆಂದು ಕೋಡಿಗೆ ಬಲೆ ಕಟ್ಟುವುದು. ಬಲೆಗೆ ತರಗೆಲೆ ಸಿಕ್ಕಿದರೆ ಅದು ಗೋಡೆಯೇ ಸರಿ.

ನಾಲ್ಕು, ಕೋಡಿಯ ಮೇಲೆ ಕಂಬ ನಿಲ್ಲಿಸಿ ಕಾಲುಸಂಕ ಮಾಡುವುದು. ತೇಲಿ ಬರುವ ಮರ ಕಂಬಕ್ಕೆ ಅಡ್ಡಬಿದ್ದರೆ ಇಪ್ಪತ್ತು ಅಡಿಯ ಕೋಡಿ ಐದು ಅಡಿಯದಾಗುತ್ತದೆ.

ಏರಿಯ ಮೈ ನೋಡುವ ಕ್ರಮ

ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಕೆರೆ ತುಂಬಿದಾಗೊಮ್ಮೆ, ಮಳೆ ನಿಂತ ಮೇಲೊಮ್ಮೆ ಏರಿಯನ್ನು ಉದ್ದಕ್ಕೂ ನಡೆದು ನೋಡಬೇಕು. ತಲೆಯ ಮೇಲೆ ಒಂದು ಸಲ, ಹೊರಬುಡದಲ್ಲಿ ಒಂದು ಸಲ. ಪೊದೆ ಬೆಳೆದಿದ್ದರೆ ಮೊದಲು ಸವರಿಸಿ, ಕಾಣದ್ದನ್ನು ಪರೀಕ್ಷಿಸಲಾಗದು.

ಜಿನುಗು: ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ. ನೋಡಬೇಕಾದದ್ದು ಬಣ್ಣ ಮತ್ತು ಪ್ರಮಾಣ. ಜಿನುಗುವ ನೀರನ್ನು ಸಣ್ಣ ಕಾಲುವೆಯಲ್ಲಿ ಒಂದೆಡೆ ಸೇರಿಸಿ, ಕೊಡ ತುಂಬಲು ಎಷ್ಟು ಸೆಕೆಂಡು ಎಂದು ವಾರಕ್ಕೊಮ್ಮೆ ಬರೆಯಿರಿ. ಕೆರೆಯ ಮಟ್ಟ ಅಷ್ಟೇ ಇದ್ದು ಕೊಡ ಬೇಗ ತುಂಬತೊಡಗಿದರೆ ಏನೋ ಬದಲಾಗಿದೆ ಎಂದೇ ಅರ್ಥ. ಗಾಜಿನ ಸೀಸೆಯಲ್ಲಿ ಆ ನೀರನ್ನು ಹಿಡಿದು ರಾತ್ರಿಯೆಲ್ಲ ಇಡಿ. ತಳದಲ್ಲಿ ಮಣ್ಣು ಕೂತರೆ ಅದು ಏರಿಯ ಒಳಗಿನ ಮಣ್ಣು. ತಿಳಿನೀರು ಸೋರಿದರೆ ಗಮನಿಸಬೇಕು. ಕೆಸರು ನೀರು ಸೋರಿದರೆ ಆ ದಿನವೇ ಕೆಲಸಕ್ಕಿಳಿಯಬೇಕು.

ಬಿಲ ಮತ್ತು ಹುತ್ತ: ಏಡಿ, ಹೆಗ್ಗಣ, ಮುಳ್ಳುಹಂದಿಯ ಬಿಲಗಳನ್ನು ಬಾಯಲ್ಲಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಕೊನೆಯವರೆಗೆ ಅಗೆದು, ಜಿಗಟು ಮಣ್ಣನ್ನು ತೇವಮಾಡಿ ಪದರವಾಗಿ ಗುದ್ದಿ ತುಂಬಬೇಕು. ಗೆದ್ದಲ ಹುತ್ತಕ್ಕೂ ಇದೇ ಕ್ರಮ.

ಮರಗಳು: ಏರಿಯ ಮೇಲೆ ಬಾಳೆ, ಅಡಿಕೆ, ಸಿಲ್ವರ್ ಓಕ್ ನೆಡುವುದು ನಮ್ಮಲ್ಲಿ ಬಹಳ. ಗಾಳಿಗೆ ಮರ ಬುಡಮೇಲಾದರೆ ಏರಿಯಲ್ಲಿ ಹೊಂಡ. ಸತ್ತರೆ ಬೇರು ಕೊಳೆತು ನೀರಿಗೆ ದಾರಿ. ಸಸಿಗಳನ್ನು ಕೂಡಲೆ ಕೀಳಿಸಿ. ಬಲಿತ ಮರವಿದ್ದರೆ ಬೇಸಿಗೆಯಲ್ಲಿ, ನೀರು ತಗ್ಗಿದಾಗ, ತಿಳಿದವರನ್ನು ಕೇಳಿಯೇ ತೆಗೆಸಬೇಕು. ಏರಿಗೆ ಹುಲ್ಲೇ ಒಳ್ಳೆಯ ಹೊದಿಕೆ.

ಏರಿಯೊಳಗಿನ ಪೈಪು: ಏರಿ ಮುಗಿದ ಮೇಲೆ ಅಗೆದು ಪೈಪು ಹೂತವರು ಅದರ ಹೊರತುದಿಯನ್ನು ಕಣ್ಣಿಟ್ಟು ನೋಡಬೇಕು. ಪೈಪಿನ ಒಳಗಿನ ನೀರಲ್ಲ, ಅದರ ಹೊರಮೈಗುಂಟ ಬರುವ ನೀರು ಅಪಾಯದ್ದು. ಪೈಪಿಗೆ ಅಲ್ಲಲ್ಲಿ ಕಾಂಕ್ರೀಟ್ ಪಟ್ಟಿ ಕೊಟ್ಟು ಸುತ್ತ ಮಣ್ಣನ್ನು ಕೈಯಿಂದ ಗುದ್ದಿ ತುಂಬಿದರೆ ಈ ದಾರಿ ಕಟ್ಟಿಹೋಗುತ್ತದೆ.

ಇಳಿಜಾರು: ನೀರಿನ ಕಡೆ ಒಂದು ಅಡಿ ಎತ್ತರಕ್ಕೆ ಎರಡೂವರೆಯಿಂದ ಮೂರು ಅಡಿ, ಹೊರಕಡೆ ಎರಡು ಅಡಿ ಓರೆ ಇರಬೇಕು. ತಲೆ ಎಂಟು ಅಡಿಗೆ ಕಡಮೆ ಬೇಡ. ಹೂವಿನ ನೀರಿನ ಕಾಲದಲ್ಲಿ ಎರಡು ಮೂರು ಪಂಪು ಹಚ್ಚಿ ತುಂಬಿದ ಕೆರೆಯನ್ನು ನಾಲ್ಕು ದಿನದಲ್ಲಿ ಬರಿದು ಮಾಡಿದರೆ, ನೀರು ಕುಡಿದ ಒಳಮೈಗೆ ಎದುರಿನ ಆಸರೆ ತಪ್ಪಿ ಜಾರುವ ಸಂಭವ ಉಂಟು. ದಿನಕ್ಕೆ ಒಂದು ಅಡಿಯಂತೆ ಇಳಿಸಿದರೆ ಕ್ಷೇಮ. ಬೇಸಿಗೆಯಲ್ಲಿ ಏರಿಯ ಉದ್ದಕ್ಕೆ ಬಿರುಕು ಕಂಡರೆ ಮೊದಲ ಮಳೆಗೆ ಮುಂಚೆ ಅಗೆದು ತುಂಬಿಸಬೇಕು.

ಅಪಾಯದ ಹೊತ್ತಿನಲ್ಲಿ

ಸೋರಿಕೆ ಕೆಸರಾದರೆ, ಕೆರೆಯ ನೀರಿನಲ್ಲಿ ಸುಳಿ ಕಂಡರೆ, ಏರಿ ತಗ್ಗಿದರೆ, ಅಥವಾ ನೀರು ಏರಿಯ ತಲೆಗೆ ಒಂದಡಿಯಷ್ಟು ಹತ್ತಿರ ಬಂದರೆ, ಮೊದಲ ಕೆಲಸ ಕೆಳಗಿನವರಿಗೆ ಹೇಳುವುದು. ದುರಸ್ತಿ ಆಮೇಲೆ. ಲೈನ್ ಮನೆಯವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳಿಸಿ. ಕೆಳಗಿನ ತೋಟಗಳ ಫೋನ್ ನಂಬರುಗಳು ಪಂಪ್‌ಹೌಸಿನಲ್ಲೂ ರೈಟರ ಬಳಿಯೂ ಬರೆದಿರಲಿ.

ಆಮೇಲೆ ತೂಬು ತೆರೆದು, ಪಂಪು ಹಚ್ಚಿ ಮಟ್ಟ ಇಳಿಸಿ. ಕೋಡಿಯ ಕಸ ತೆಗೆಸಿ. ಆಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಇಳಿಯಬೇಕು. ಹೊರಗೆ ಕೆಸರು ನೀರು ಬುಗ್ಗೆಯೇಳುವ ಜಾಗವನ್ನು ಜಿಗಟು ಮಣ್ಣಿನಿಂದ ಮುಚ್ಚಬಾರದು. ನೀರು ಬೇರೆಡೆ ಒಡೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದಪ್ಪ ಜಲ್ಲಿ ಹೇರಬೇಕು. ಆಗ ನೀರು ಹೊರಬರುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ. ಇದಕ್ಕಾಗಿ ಎರಡು ಗಾಡಿ ಮರಳು, ಎರಡು ಗಾಡಿ ಜಲ್ಲಿ ಮೇ ತಿಂಗಳಲ್ಲೇ ಏರಿಯ ಬಳಿ ತಂದಿಡಿ. ನೀರಿಗೆ ದಾರಿ ಕಡಿಯಲೇಬೇಕಾದರೆ ಕೋಡಿಯ ಪಕ್ಕದ ಮೂಲ ನೆಲದಲ್ಲಿ ಕಡಿಯಿರಿ. ಏರಿಗೆ ಗುದ್ದಲಿ ಮುಟ್ಟಿಸಬೇಡಿ.

ಮೇಲಿನವರು, ಕೆಳಗಿನವರು

2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ಅನ್ವಯಿಸುವುದು 15 ಮೀಟರಿಗೂ ಎತ್ತರದ ಅಣೆಕಟ್ಟುಗಳಿಗೆ. 10ರಿಂದ 15 ಮೀಟರಿನೊಳಗಿನವಕ್ಕೆ ಕೆಲವು ಷರತ್ತುಗಳ ಮೇಲೆ. ನಮ್ಮ ಕೆರೆಗಳು ಇದರಲ್ಲಿ ಬರುವುದಿಲ್ಲ. ಅದರ ಅರ್ಥ ನಮ್ಮ ಕೆರೆಗೆ ಅಪಾಯವಿಲ್ಲವೆಂದಲ್ಲ; ಆ ಕಾಯಿದೆಯಂತೆ ನೋಡಲು ಯಾರೂ ಬರುವುದಿಲ್ಲವೆಂದು. ಆದ್ದರಿಂದ ನೋಡಬೇಕಾದವರು ನಾವೇ.

ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂಬ ಮಾತನ್ನು ಕೇಳಿರುತ್ತೀರಿ. ನೂರು ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದರ್ಥ. ಇಪ್ಪತ್ತೈದು ವರ್ಷ ಬಾಳುವ ಕೆರೆ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಂಭವ ನೂರಕ್ಕೆ 22. ನಮ್ಮಪ್ಪನ ಕಾಲದಿಂದ ಏನೂ ಆಗಿಲ್ಲ ಎಂಬುದು ಏರಿಗೆ ಪ್ರಮಾಣಪತ್ರವಾಗಲಾರದು.

ಒಂದೇ ಕಣಿವೆಯಲ್ಲಿ ಕೆರೆಯ ಕೆಳಗೆ ಕೆರೆ ಇದ್ದರೆ ಮೇಲಿನದು ಒಡೆದಾಗ ಕೆಳಗಿನದೂ ಉಳಿಯದು. 1961ರ ಜುಲೈ 12ರಂದು ಪುಣೆಯ ಬಳಿಯ ಪಾನಶೇತ್ ಅಣೆಕಟ್ಟು ಒಡೆದಾಗ ಅದರ ಕೆಳಗಿನ ಹಳೆಯ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದು ಪುಣೆ ನಗರಕ್ಕೆ ನೆರೆ ನುಗ್ಗಿತು. ಆದಕಾರಣ ಒಂದು ಕಣಿವೆಯ ಸದಸ್ಯರೆಲ್ಲ ಸೇರಿ ಮೇಲಿನಿಂದ ಕೆಳಗಿನವರೆಗೆ ಎಲ್ಲ ಏರಿಗಳನ್ನೂ ಒಟ್ಟಿಗೆ ನಡೆದು ನೋಡುವುದು ಅತ್ಯಂತ ಪ್ರಯೋಜನಕರ. ಮೇಲಿನವರು ಕೆಳಗಿನವರನ್ನು ಕರೆಯುವುದರಲ್ಲಿ ಸಣ್ಣತನವಿಲ್ಲ. ಕೆಳಗಿನವರು ಕೇಳುವುದರಲ್ಲಿ ಜಗಳವಿಲ್ಲ.

ಪುಸ್ತಕ ಬರೆದಿಡಲು ಇನ್ನೊಂದು ಕಾರಣವೂ ಇದೆ. 1874ರಲ್ಲಿ ಮದರಾಸು ರೈಲ್ವೆ ಕಂಪನಿ ಮತ್ತು ಕಾರ್ವೇಟಿನಗರದ ಜಮೀನ್ದಾರರ ನಡುವಿನ ಮೊಕದ್ದಮೆಯಲ್ಲಿ, ಒಡೆದುಹೋದ ಹಳೆಯ ಕೆರೆಗಳಿಂದಾದ ನಷ್ಟಕ್ಕೆ ಅಜಾಗರೂಕತೆ ಇಲ್ಲದೆ ಜಮೀನ್ದಾರರು ಹೊಣೆಯಲ್ಲವೆಂದು ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಅದು ಊರಿಗೆಲ್ಲ ನೀರುಣಿಸುತ್ತಿದ್ದ ಪುರಾತನ ಕೆರೆಗಳ ಮಾತು. ನಮ್ಮ ಲಾಭಕ್ಕೆ ನಾವೇ ಹೊಸದಾಗಿ ಕಟ್ಟಿಕೊಂಡ ಕೆರೆಗೆ ಅದೇ ರಿಯಾಯಿತಿ ಸಿಕ್ಕೀತೆಂದು ನಂಬಿ ಕೂರಬಾರದು. ಎಚ್ಚರ ವಹಿಸಿದ್ದೇವೆಂದು ಹೇಳಲು ದಾಖಲೆ ಬೇಕು.

ಅಭ್ಯಾಸ

ಓದಿದವರು ಈ ಕೆಳಗಿನ ಐದು ಅಂಕಿಗಳನ್ನು ತಮ್ಮ ಕೆರೆಗೆ ಬರೆದುಕೊಳ್ಳಬೇಕಾಗಿ ಕೋರುತ್ತೇವೆ.

1. ಕೆರೆಗೆ ನೀರು ಕೊಡುವ ಪ್ರದೇಶ ಎಷ್ಟು ಎಕರೆ?
2. ಗಂಟೆಗೆ 4 ಇಂಚು ಮಳೆಗೆ ಬರುವ ನೀರು ಎಷ್ಟು ಕ್ಯೂಸೆಕ್? 6 ಇಂಚಿಗೆ ಎಷ್ಟು?
3. ಕೋಡಿಯ ಅಗಲ ಎಷ್ಟು? ಏರಿಯ ಅತಿ ತಗ್ಗಾದ ಜಾಗದಿಂದ ಹೊಸ್ತಿಲು ಎಷ್ಟು ಅಡಿ ಕೆಳಗಿದೆ?
4. ಎರಡು ಅಡಿ ರಕ್ಷೆ ಬಿಟ್ಟು ಕೋಡಿ ಹೊರಹಾಕಬಲ್ಲ ನೀರು ಎಷ್ಟು?
5. ಏರಿಯ ಕೆಳಗೆ, ನೀರು ಹರಿಯುವ ದಾರಿಯಲ್ಲಿ, ಎಷ್ಟು ಮನೆ, ಎಷ್ಟು ಎಕರೆ ತೋಟ?

ಕೋಡಿಯ ಬಳಿ ಇಂಚಿನ ಗುರುತು ಹಾಕಿದ ಒಂದು ಕಂಬವನ್ನು ದಡದ ಕಡೆ ನಿಲ್ಲಿಸಿ, ಈ ಮಳೆಗಾಲದ ಅತಿ ಹೆಚ್ಚಿನ ಮಟ್ಟವನ್ನು ಬರೆದಿಡಿ. 12 ಅಡಿಯ ಕೋಡಿಯಲ್ಲಿ 6 ಇಂಚು ಹರಿದರೆ ಬಂದ ನೀರು 12 ಕ್ಯೂಸೆಕ್ ಎಂದು ನಮ್ಮ ಪಟ್ಟಿಯಿಂದಲೇ ತಿಳಿಯುತ್ತದೆ. ಆ ಹೊತ್ತಿನಲ್ಲಿ ಕಾಲು ಗಂಟೆಯ ಮಳೆಯನ್ನೂ ಅಳೆದಿದ್ದರೆ ನಿಮ್ಮ ಕಣಿವೆಯ ಸ್ವಭಾವ ನಿಮಗೇ ಗೊತ್ತಾಗುತ್ತದೆ. ಕಾಲು ಗಂಟೆಯಲ್ಲಿ ಒಂದು ಇಂಚು ಬಿದ್ದರೆ ಅದು ಗಂಟೆಗೆ ನಾಲ್ಕು ಇಂಚಿನ ಬಿರುಸು.

ಎರಡನೆಯ ಅಂಕಿಗಿಂತ ನಾಲ್ಕನೆಯದು ಕಡಮೆ ಬಂದರೆ, ಐದನೆಯದನ್ನು ಇನ್ನೊಮ್ಮೆ ಓದಿ, ಜೂನ್‌ಗೆ ಮೊದಲು ಕೋಡಿ ಅಗಲಿಸಲು ಆಳು ಹಚ್ಚಬೇಕಾಗಿ ವಿನಂತಿ.